ಪ್ರಸಾದದ ಪೊಟ್ಟಣ ಎಷ್ಟು ಕಟ್ಟೋಣ?

ಎಲ್ಲರಿಗೂ ನಮಸ್ಕಾರ. ಗಣೇಶನ ಹಬ್ಬಕ್ಕೆ ಇಲ್ಲಿವರೆಗೆ ಸೇರಿರುವುದು ಇಷ್ಟು: ಚಕ್ಕುಲಿ 168, ರವೆ ಉಂಡೆ 120, ಏಲಕ್ಕಿ ಬಾಳೆಹಣ್ಣು 72. ಎಲ್ಲ ಪೊಟ್ಟಣವೂ ಒಂದೇ ತರ ಇರಬೇಕು, ಏನೂ ಮಿಗಬಾರದು. ಹೆಚ್ಚೆಂದರೆ ಎಷ್ಟು ಪೊಟ್ಟಣ ಆಗುತ್ತದೆ?

ಮೂರೂ ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿದರೆ ಸಾಕು. ಅದೇ, ಮಕ್ಕಳ ಪುಸ್ತಕದಲ್ಲಿ ಬರುವ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮೂರನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ. ಅಪವರ್ತನಗಳನ್ನೆಲ್ಲ ಉದ್ದಕ್ಕೆ ಬರೆಯುವುದಕ್ಕಿಂತ ಭಾಗಿಸುತ್ತಾ ಹೋಗುವುದೇ ಸಲೀಸು. 168ನ್ನು 120ರಿಂದ ಭಾಗಿಸಿ, ಶೇಷ 48. 120ನ್ನು 48ರಿಂದ ಭಾಗಿಸಿ, ಶೇಷ 24. 48ನ್ನು 24ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಅಲ್ಲಿಗೆ ನಿಲ್ಲಿಸಿ. 72 ಕೂಡ 24ರಿಂದ ಸರಿಯಾಗಿ ಭಾಗವಾಗುತ್ತದೆ, ಅಲ್ವಾ? (ಈ ದಾರಿಯನ್ನು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸುಮಾರು ಕ್ರಿ.ಪೂ. 300ರಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಆರ್ಯಭಟನ ‘ಕುಟ್ಟಕ’ ಎಂಬ ಲೆಕ್ಕದ ವಿಧಾನದಲ್ಲೂ ಹೀಗೇ ಶೇಷದಿಂದ ಭಾಗಿಸುತ್ತಾ ಹೋಗುತ್ತಾರೆ.)

ಅಂದರೆ 24 ಪೊಟ್ಟಣ. ಒಂದೊಂದಕ್ಕೆ 7 ಚಕ್ಕುಲಿ, 5 ಉಂಡೆ, 3 ಬಾಳೆಹಣ್ಣು. 12 ಪೊಟ್ಟಣ ಮಾಡಿದರೂ ಏನೂ ಮಿಗುವುದಿಲ್ಲ, ಆದರೆ ಒಂದೊಂದೂ ಎರಡರಷ್ಟು ದೊಡ್ಡದಾಗುತ್ತದೆ. ಸುಮ್ನೆ ಯಾಕೆ?

ಒಂದು ತೊಡಕಿದೆ. ಮ.ಸಾ.ಅ.ಗೆ ನಮ್ಮ ಬೀದಿಯ ಮನೆಗಳ ಲೆಕ್ಕ ಗೊತ್ತಿಲ್ಲ! ಮನೆ 30 ಆದರೆ ಇದೇ ಅಳತೆಗೆ ಇನ್ನೂ 42 ಚಕ್ಕುಲಿ, 30 ಉಂಡೆ, 18 ಬಾಳೆಹಣ್ಣು ಬೇಕು. ಹಾಗಾಗಿ ಯಾರ ಮನೆಗೆ ಪೊಟ್ಟಣ ಬೇಕೋ ಅವರು ಗುರುವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಶುಕ್ರವಾರ ಬೆಳಗ್ಗೆ ಅಂಗಡಿಗೆ ಆರ್ಡರ್ ಕೊಡಬೇಕು.