ವರ್ಣತಂತುವಿನ ವರ್ಣ ಯಾವುದು?

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಮಕ್ಕಳ ಪುಟದಲ್ಲಿ ‘ವರ್ಣತಂತು ಎಂದರೆ ನಮ್ಮ ಮೈಬಣ್ಣ ನಿರ್ಧರಿಸುವ ದಾರ’ ಎಂದು ಅಚ್ಚಾಗಿತ್ತು. ಓದಿ ಹಳೇ ಉತ್ತರ ಪತ್ರಿಕೆಗಳ ಕಟ್ಟು ನೆನಪಾಯಿತು. ನಾನು ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು. ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನೇ ಬರೆಯುತ್ತಿದ್ದರು. ಅವರನ್ನು ಬೈದೂ ಪ್ರಯೋಜನವಿಲ್ಲ. ‘ವರ್ಣ’ ಅಂತ ಇದ್ದರೆ ಹಾಗೇ ಅನ್ನಿಸುತ್ತದೆ, ಅಲ್ವಾ?

ವರ್ಣತಂತು ಅಂದರೆ ಜೀವಕೋಶದೊಳಗೆ ಜೀನ್‌ಗಳನ್ನು, ಅಂದರೆ ತಂದೆತಾಯಿಯಿಂದ ಬರುವ ಗುಣಗಳ ಸೂಚನೆಗಳನ್ನು, ಹೊತ್ತಿರುವ ಎಳೆ. ಮೈಬಣ್ಣದ ಜೀನ್‌ಗಳು ಅದರಲ್ಲಿ ಇರುವುದು ನಿಜ. ರಕ್ತದ ಗುಂಪಿನದೂ ಅಲ್ಲೇ ಇದೆ. ಆದರೆ ಹೆಸರು ಬಂದದ್ದು ಅದರಿಂದಲ್ಲ, ಪ್ರಯೋಗಾಲಯದ ಬಣ್ಣದ ಬಾಟಲಿಯಿಂದ!

ವರ್ಣತಂತುವಿಗೆ ತನ್ನದೇ ಬಣ್ಣವಿಲ್ಲ. ಬಣ್ಣ ಹಾಕಿದರೆ ಚೆನ್ನಾಗಿ ಹೀರಿಕೊಂಡು ಎದ್ದು ಕಾಣುತ್ತದೆ, ಅಷ್ಟೇ. ಜರ್ಮನಿಯ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ (ಹಲ್ಲಿಯಂತೆ ಕಾಣುವ ಉಭಯಚರ) ಮರಿಗಳ ಜೀವಕೋಶಗಳಿಗೆ ಬಣ್ಣ ಹಾಕಿ ನೋಡಿದರು. ಹೀಗೆ ಬಣ್ಣ ಹಿಡಿಯುವ ವಸ್ತುವನ್ನು ‘ಕ್ರೊಮ್ಯಾಟಿನ್’ ಎಂದು ಕರೆದರು. 1888ರಲ್ಲಿ ಜರ್ಮನಿಯದೇ ಇನ್ನೊಬ್ಬ ವಿಜ್ಞಾನಿ ವಾಲ್ಡೇಯರ್ ವರ್ಣತಂತುವಿಗೆ ‘ಕ್ರೋಮೋಸೋಮ್’ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ‘ಕ್ರೋಮ’ ಅಂದರೆ ಬಣ್ಣ, ‘ಸೋಮ’ ಅಂದರೆ ದೇಹ. (ನಮ್ಮ ಸೋಮವಾರದ ಸೋಮ ಅಲ್ಲ!) ಕನ್ನಡಕ್ಕೆ ಬರುವಾಗ ದೇಹ ಹೋಗಿ ತಂತು ಬಂತು. ಅದಕ್ಕೆ ನನ್ನ ತಕರಾರಿಲ್ಲ, ನೋಡೋಕೆ ದಾರದ ಹಾಗೇ ಇರುತ್ತದೆ. ಕೋಶ ವಿಭಜನೆಗೆ ಫ್ಲೆಮಿಂಗ್ ಕೊಟ್ಟ ‘ಮೈಟಾಸಿಸ್’ ಎಂಬ ಹೆಸರೂ ದಾರ ಎಂಬ ಗ್ರೀಕ್ ಪದದಿಂದಲೇ ಬಂದದ್ದು.

ನಾನು ಇದನ್ನು ಈರುಳ್ಳಿ ಬೇರಿನ ತುದಿಯಲ್ಲಿ ತೋರಿಸುತ್ತಿದ್ದೆ. ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ ಬೆಚ್ಚಗೆ ಮಾಡಿ, ಮೇಲೆ ತೆಳು ಗಾಜು ಇಟ್ಟು, ಹೆಬ್ಬೆರಳಿನಿಂದ ಒತ್ತಬೇಕು. ಜಾಸ್ತಿ ಒತ್ತಿದರೆ ಗಾಜು ಚಟ್ ಅನ್ನುತ್ತದೆ. ಸರಿಯಾಗಿ ಬಂದರೆ ಮಸುಕು ಕೋಶದ ನಡುವೆ ಕೆಂಪು ಎಳೆಗಳ ಗೊಂಚಲು ಕಾಣುತ್ತದೆ. ಒಟ್ಟು 16 ಇರುತ್ತವೆ, ಆದರೆ ಒಂದರ ಮೇಲೊಂದು ಬಿದ್ದಿರುವುದರಿಂದ ಎಣಿಸಲು ತಾಳ್ಮೆ ಬೇಕು. ಒಮ್ಮೆ ಒಬ್ಬ ಹುಡುಗಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದಳು: “ಮೇಡಂ, ನೀಲಿ ಹಾಕಿದ್ರೆ ನೀಲಿ ಕಾಣತ್ತಾ?”

“ಕಾಣತ್ತೆ” ಅಂದೆ. “ಹಾಗಾದ್ರೆ ಹೆಸರು ನಮ್ಮ ಬಾಟಲಿದು, ಅದರದ್ದಲ್ಲ” ಅಂದಳು.

ತಿದ್ದುಪಡಿ ಹಾಕುವುದಾದರೆ ಅವಳ ಆ ಒಂದು ಸಾಲು ಸಾಕು. ದಯವಿಟ್ಟು ಮಕ್ಕಳ ಪುಟದಲ್ಲೇ ಹಾಕಿ, ಒಳಗಿನ ಮೂಲೆಯಲ್ಲಿ ಅಲ್ಲ.

– ನಿವೃತ್ತ ಜೀವಶಾಸ್ತ್ರ ಶಿಕ್ಷಕಿ