ನಮ್ಮ ಓಣಿಯ ಕಿರಾಣಿ ಅಂಗಡಿಗೆ ಜಾಗ ಬೇಕು

ಸಂಪಾದಕರಿಗೆ ನಮಸ್ಕಾರ.

ಹಳೇ ದಾವಣಗೆರೆಯ ನಮ್ಮ ಓಣಿಯ ಮೂಲೆಯಲ್ಲಿ ಒಂದು ಕಿರಾಣಿ ಅಂಗಡಿ ಇದೆ. ಅದಕ್ಕೆ ಬೋರ್ಡ್ ಇಲ್ಲ. ಬೇಕಾಗಿಯೂ ಇಲ್ಲ, ಊರಿಂದ ಬರುವ ನೆಂಟರಿಗೆ ಮನೆ ದಾರಿ ಹೇಳುವಾಗ ನಾವೆಲ್ಲ ಆ ಅಂಗಡಿಯನ್ನೇ ಗುರುತು ಹೇಳುತ್ತೇವೆ. ಈಗ ಆ ಕಟ್ಟಡ ಅಣ್ಣತಮ್ಮಂದಿರಲ್ಲಿ ಪಾಲಾಗಿದೆ. ಹಳೇದನ್ನು ಕೆಡವಿ ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟುವ ಮಾತು ನಡೆದಿದೆ, ಅಂಗಡಿಯವರಿಗೆ ಖಾಲಿ ಮಾಡಿ ಅಂತ ಬಾಯಿಮಾತಿನಲ್ಲಿ ಹೇಳಿಯೂ ಆಗಿದೆ. ಯಾವಾಗ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಇದು ಮಾಲೀಕರಿಗೂ ಬಾಡಿಗೆಯವರಿಗೂ ಬಿಟ್ಟಿದ್ದು, ಪೇಪರಿಗೆ ಯಾಕೆ ಬರೀತೀರಿ ಅಂತ ಕೆಲವರು ಕೇಳಿದರು. ನನಗೆ ಹಾಗನ್ನಿಸುವುದಿಲ್ಲ. ಇದು ಇಡೀ ಓಣಿಯ ವಿಷಯ.

ಅಂಗಡಿ ಶುರು ಮಾಡಿದ್ದು ಈಗಿನವರ ತಂದೆ. ಆಗ ಊರಲ್ಲಿ ಹತ್ತಿ ಮಿಲ್ಲುಗಳು ಜೋರಾಗಿ ನಡೆಯುತ್ತಿದ್ದವು, ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿತ್ತು. ಮಿಲ್ಲಿನವರು ಪಗಾರ ಆದ ದಿನ ಉದ್ರಿ ತೀರಿಸಿ ಮಾರನೇ ದಿನದಿಂದ ಮತ್ತೆ ಬರೆಸುತ್ತಿದ್ದರು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಪಗಾರ ನಿಂತ ಮನೆಗಳಿಗೂ ಈ ಅಂಗಡಿಯಿಂದ ಅಕ್ಕಿ ಬೇಳೆ ಹೋಗುವುದು ನಿಲ್ಲಲಿಲ್ಲ ಅಂತ ಓಣಿಯ ಹಿರಿಯರು ಈಗಲೂ ಹೇಳುತ್ತಾರೆ. ನಾನು ಕಣ್ಣಾರೆ ನೋಡಿದ್ದು 2020ರ ಲಾಕ್‌ಡೌನ್. ಹಮಾಲರು, ಆಟೋದವರು, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಯಾರ ಕೈಯಲ್ಲೂ ಕಾಸಿರಲಿಲ್ಲ. ಕೆಂಪು ರಟ್ಟಿನ ಉದ್ದನೆಯ ಉದ್ರಿ ಪುಸ್ತಕ ತುಂಬಿ ಇನ್ನೊಂದು ತೆಗೆಯಬೇಕಾಯಿತು. ಅದರಲ್ಲಿ ಎಷ್ಟೋ ಬಾಕಿ ಇವತ್ತಿಗೂ ಬಂದಿಲ್ಲ. ಕೇಳಿದರೆ ಅಂಗಡಿ ಅಣ್ಣ, ‘ಬರ್ತೈತೆ ಬಿಡ್ರಿ, ಎಲ್ಲಿ ಹೋಗ್ತಾರೆ’ ಅಂತಾರೆ.

ಸಂಜೆ ಐದರ ಮೇಲೆ ಅಲ್ಲಿ ನಿಂತು ನೋಡಬೇಕು. ಒಬ್ಬ ಹುಡುಗ ಹತ್ತು ರೂಪಾಯಿ ಹಿಡಿದು ಎಣ್ಣೆಗೆ ಬಾಟಲಿ ತಂದಿರುತ್ತಾನೆ, ಒಬ್ಬ ಅಜ್ಜಿಗೆ ಪಾವು ಕೆಜಿ ತೊಗರಿಬೇಳೆ ಸಾಕು, ಇನ್ಯಾರಿಗೋ ಖಾರ ಮಂಡಕ್ಕಿಗೆ ಪುಟಾಣಿ, ಶೇಂಗಾ, ನಾಲ್ಕು ಎಸಳು ಬೆಳ್ಳುಳ್ಳಿ ಬೇಕು. ಮಂಡಕ್ಕಿ ಅಳೆಯುವುದು ಇನ್ನೂ ಸೇರಿನಲ್ಲೇ. ಸೇರಿನ ಕಂಠದ ಮೇಲೆ ರಾಶಿ ಏರಿ ಸುತ್ತ ಉದುರುವ ತನಕ ತುಂಬುತ್ತಾರೆ, ಚೀಲಕ್ಕೆ ಸುರಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಮಳೆಗಾಲದಲ್ಲಿ ಮಂಡಕ್ಕಿ ಬೇಗ ಮೆತ್ತಗಾಗುತ್ತದೆ ಅಲ್ವಾ. ಅಂಥ ದಿನ ನಾವು ಕೇಳಿದರೂ ಕೊಡುವುದಿಲ್ಲ. ‘ಇವತ್ತಿಂದು ಬ್ಯಾಡ, ನಾಳೆ ಭಟ್ಟಿಯಿಂದ ಬಿಸೀದು ಬರ್ತೈತೆ’ ಅಂತ ವಾಪಸ್ ಕಳಿಸುತ್ತಾರೆ. ಮನೆಗೆ ಒಯ್ಯುವ ಸಾಮಾನಿನ ಬಗ್ಗೆ ಹೀಗೆ ಮೊದಲೇ ಎಚ್ಚರಿಸುವವರು ಬೇರೆ ಯಾರಿದ್ದಾರೆ ಹೇಳಿ.

ಬಿಡಿಯಾಗಿ, ಬೇಕಾದಷ್ಟೇ ಕೊಳ್ಳುವುದು ಬಡವರ ಮನೆಗೆ ಎಷ್ಟು ಮುಖ್ಯ ಅಂತ ತಿಂಗಳ ಸಾಮಾನು ಒಂದೇ ಸಲ ತರುವವರಿಗೆ ಸುಲಭಕ್ಕೆ ಗೊತ್ತಾಗುವುದಿಲ್ಲ. ದೊಡ್ಡ ಮಳಿಗೆಯಲ್ಲಿ ಕಾಲು ಕೆಜಿ ಬೇಳೆ, ಹತ್ತು ರೂಪಾಯಿ ಎಣ್ಣೆ ಯಾರು ಕೊಡುತ್ತಾರೆ? ತೆರಿಗೆಯಲ್ಲೂ ವ್ಯತ್ಯಾಸ ಇದೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಮಂಡಕ್ಕಿಗೆಲ್ಲ ಶೇ 5 ಜಿಎಸ್‌ಟಿ ಬಂತು. ಚೀಲದಿಂದ ತೂಗಿ ಕೊಡುವ ಬಿಡಿ ಸಾಮಾನಿಗೆ ಅದಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗಲಂತೂ ಪ್ರತಿ ಮನೆಯಲ್ಲೂ ನೆಂಟರ ಪಂಕ್ತಿ. ರಾತ್ರಿ ಹತ್ತಕ್ಕೆ ಖಾರದಪುಡಿ ಮುಗಿದರೂ ಬಾಗಿಲು ಬಡಿದು ಕೇಳುವ ಧೈರ್ಯ ನಮಗಿರುವುದು ಈ ಒಂದು ಅಂಗಡಿಯ ಮುಂದೆ ಮಾತ್ರ.

ಅಂಗಡಿ ತಾನಾಗಿ ಸೊರಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಂಗಡಿ ಅಣ್ಣನ ಮಗಳು ಬಿ.ಕಾಂ. ಮುಗಿಸಿ ಗಲ್ಲಾದಲ್ಲಿ ಕೂರುತ್ತಿದ್ದಾಳೆ. ಮನೆಗಳಿಂದ ಸಾಮಾನಿನ ಚೀಟಿಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು, ತಮ್ಮನ ಕೈಯಲ್ಲಿ ಸೈಕಲ್ ಮೇಲೆ ಕಳಿಸುತ್ತಾಳೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಇವರಿಗೆ ಏನೂ ಬಂದಿರಲಿಲ್ಲ, ಆದರೂ ಅಪ್ಪ ಹೆದರಿ ಕ್ಯೂಆರ್ ಕೋಡ್ ತೆಗೆದಿಟ್ಟಿದ್ದರು. ವರ್ಷಕ್ಕೆ 40 ಲಕ್ಷ ವಹಿವಾಟು ದಾಟದಿದ್ದರೆ ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ ಅಂತ ಲೆಕ್ಕ ತೋರಿಸಿ ಮತ್ತೆ ಅಂಟಿಸಿದವಳು ಮಗಳೇ. ಮುಂದೆ ನಡೆಸುವವರು ಇದ್ದಾರೆ, ಗಿರಾಕಿಗಳಿದ್ದಾರೆ. ಇಲ್ಲದ್ದು ಜಾಗ ಒಂದೇ.

ನನ್ನ ಸಂಕಟ ಇರುವುದೇ ಇಲ್ಲಿ. ಬೀದಿ ಬದಿ ವ್ಯಾಪಾರಿಗಳಿಗೆ 2014ರಲ್ಲಿ ಕಾಯ್ದೆ ಬಂತು. ಅವರನ್ನು ಸುಮ್ನೆ ಎಬ್ಬಿಸುವ ಹಾಗಿಲ್ಲ, ಜಾಗ ಗುರುತಿಸಬೇಕು, ಪಟ್ಟಣ ವ್ಯಾಪಾರ ಸಮಿತಿ ಇರಬೇಕು. 2020ರಲ್ಲಿ ಸ್ವನಿಧಿ ಯೋಜನೆಯಲ್ಲಿ 10 ಸಾವಿರದಿಂದ ಶುರುವಾಗಿ ಸಾಲವೂ ಸಿಕ್ಕಿತು. ಬಹಳ ಒಳ್ಳೆಯದು, ಅವರಿಗೆ ಅದು ಬೇಕೇ ಬೇಕಿತ್ತು. ಕಿರಾಣಿಯವರಂಥ ಚಿಲ್ಲರೆ ವ್ಯಾಪಾರಿಗಳನ್ನು 2021ರ ಜುಲೈನಲ್ಲಿ ಸಣ್ಣ ಉದ್ಯಮಗಳ ಪಟ್ಟಿಗೆ ಸೇರಿಸಿದರು, ಆದರೆ ಅದರ ಲಾಭ ಬ್ಯಾಂಕುಗಳು ಆದ್ಯತೆ ಮೇಲೆ ಕೊಡುವ ಸಾಲಕ್ಕೆ ಮಾತ್ರ. ಮುದ್ರಾ ಸಾಲವೂ ಇದೆ. ಹೀಗೆ ಸಾಲಕ್ಕೆ ಬಾಗಿಲುಗಳೇನೋ ಇವೆ. ಇಷ್ಟು ವರ್ಷ ಒಂದೇ ಜಾಗದಲ್ಲಿ ಓಣಿಗೆ ಅನ್ನ ಒದಗಿಸಿದವರು ನಾಳೆ ಎಲ್ಲಿ ಕೂರಬೇಕು ಅನ್ನೋದನ್ನು ಯಾರೂ ಯೋಚಿಸಿದ ಹಾಗಿಲ್ಲ. ಹೊಸ ಕಾಂಪ್ಲೆಕ್ಸುಗಳಲ್ಲಿ ಕೇಳುವ ಅಡ್ವಾನ್ಸ್ ಎಷ್ಟು ಜಾಸ್ತಿ ಅಂದರೆ, ಕಾಲು ಕೆಜಿ ಲೆಕ್ಕದಲ್ಲಿ ಬೇಳೆ ಮಾರುವವರು ಅದನ್ನು ಹೊಂದಿಸುವುದು ಆಗದ ಮಾತು.

ಕಟ್ಟಡದ ಮಾಲೀಕರು ಕೆಟ್ಟವರಲ್ಲ. ಇಷ್ಟು ವರ್ಷ ಕಡಿಮೆ ಬಾಡಿಗೆಗೆ ಬಿಟ್ಟವರು ಅವರೇ. ಗೋಡೆ ಬಿರುಕು ಬಿಟ್ಟಿದೆ, ಮಳೆಗೆ ಮಾಳಿಗೆ ಸೋರುತ್ತದೆ, ಕಟ್ಟಬೇಕು ಅನ್ನೋದೂ ನಿಜ. ಅವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಹೊಸ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಒಂದು ಸಣ್ಣ ಮಳಿಗೆ ಇವರಿಗೇ ಅಂತ ಈಗಲೇ ಬರೆದುಕೊಡಿ. ಬಾಡಿಗೆ ಏರಿಸಿ, ಆದರೆ ಒಂದೇ ಸಲಕ್ಕೆ ಬೇಡ. ಅಡ್ವಾನ್ಸನ್ನು ಕಂತಿನಲ್ಲಿ ತೆಗೆದುಕೊಳ್ಳಿ.

ಪಾಲಿಕೆಯವರಿಗೂ ಒಂದು ಮಾತು. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂದಾಗ ಎಲ್ಲರೂ ಖುಷಿಪಟ್ಟಿದ್ದೆವು. ಆ ಸ್ಮಾರ್ಟ್ ಸಿಟಿಯಲ್ಲಿ ಇಂಥ ಅಂಗಡಿಗಳಿಗೂ ಜಾಗ ಇರಲಿ. ಹಳೇ ಪೇಟೆಗಳಲ್ಲಿ ಕಟ್ಟಡ ಕೆಡವಲು, ಕಟ್ಟಲು ಅರ್ಜಿ ಬಂದಾಗ ಅಲ್ಲಿರುವ ಹಳೇ ಅಂಗಡಿಯವರ ಗತಿ ಏನು ಅಂತ ಅರ್ಜಿಯಲ್ಲೇ ಒಂದು ಸಾಲು ಬರೆಸಿಕೊಳ್ಳಿ. ಕಟ್ಟಡ ಏಳುವ ತನಕ ವರ್ಷವೋ ಒಂದೂವರೆ ವರ್ಷವೋ ಹಿಡಿಯುತ್ತದೆ. ಅಲ್ಲಿವರೆಗೆ ಪಾಲಿಕೆಯ ಖಾಲಿ ಮಳಿಗೆ ಇದ್ದರೆ ತಾತ್ಕಾಲಿಕವಾಗಿ ಕೊಡಿ, ಬಾಡಿಗೆ ಕಟ್ಟಲು ಅವರು ತಯಾರಿದ್ದಾರೆ.

ನಮ್ಮ ಓಣಿಯ ಕೆಲವು ಮನೆಯವರು ಸೇರಿ ಈ ಭಾನುವಾರ ಮಾಲೀಕರ ಮನೆಗೆ ಹೋಗಿ ಮಾತಾಡುವುದು ಅಂತ ನಿಶ್ಚಯಿಸಿದ್ದೇವೆ. ಲಾಕ್‌ಡೌನ್ ಕಾಲದ ಬಾಕಿ ಇರುವವರು ಎಷ್ಟಾಗುತ್ತೋ ಅಷ್ಟು ಈಗ ಕೊಟ್ಟರೆ ಅಡ್ವಾನ್ಸಿಗೆ ಆಸರೆ ಆಗುತ್ತದೆ, ಆ ಮಾತನ್ನೂ ಮನೆಮನೆಗೆ ಹೇಳುತ್ತಿದ್ದೇವೆ. ಚೌಕಿಪೇಟೆ, ಮಂಡಿಪೇಟೆ ಕಡೆ ಅಥವಾ ಚಿತ್ರದುರ್ಗ, ಹರಿಹರದಲ್ಲಿ ಹೀಗೆ ಹಳೇ ಬಾಡಿಗೆದಾರರಿಗೆ ಹೊಸ ಕಟ್ಟಡದಲ್ಲಿ ಜಾಗ ಬಿಟ್ಟುಕೊಟ್ಟ ಮಾಲೀಕರಿದ್ದರೆ, ಕರಾರು ಹೇಗೆ ಬರೆಸಿಕೊಂಡಿರಿ, ಬಾಡಿಗೆ ಹೇಗೆ ನಿಗದಿ ಮಾಡಿದಿರಿ ಅಂತ ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ಅದನ್ನು ಹಿಡಿದುಕೊಂಡೇ ಮಾಲೀಕರ ಹತ್ತಿರ ಮತ್ತೊಮ್ಮೆ ಹೋಗುತ್ತೇವೆ.

ಇಂತಿ,
ಓಣಿಯ ಒಬ್ಬ ನಿವಾಸಿ, ಹಳೇ ದಾವಣಗೆರೆ