ತೆಪ್ಪಗಿದ್ದ ದೇಶದ ಪೂರ್ತಿ ಕತೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ದೊಡ್ಡವರ ಪಕ್ಕ ಇರುವ ಚಿಕ್ಕ ದೇಶ ತೆಪ್ಪಗಿರಬೇಕು. ಫಿನ್‌ಲ್ಯಾಂಡ್ ನೋಡು, ತೆಪ್ಪಗಿತ್ತು, ಉಳಿಯಿತು. ಉಕ್ರೇನ್ ಕೂಡ ಹಾಗೇ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿತ್ತಾ?" ಅಂದೆ. ಆಗ ನಾನು ಏನೋ ಹೂಂ ಅಂದು ಮಾತು ಬದಲಿಸಿದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಇದೇ ಮಾತನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಅದಕ್ಕೇ ನಿನಗೆ ಬರೆದದ್ದನ್ನು ಎಲ್ಲರೂ ಓದುವ ಹಾಗೆ ಇಲ್ಲೇ ಹಾಕುತ್ತಿದ್ದೇನೆ. ಬೇಸರ ಮಾಡಿಕೊಳ್ಳುವುದಿಲ್ಲ ಅಲ್ವಾ?

ಫಿನ್‌ಲ್ಯಾಂಡ್ ತೆಪ್ಪಗಿದ್ದದ್ದು ನಿಜ. ಆದರೆ ಅದು ಕತೆಯ ನಡುಭಾಗ. ಅದಕ್ಕೆ ಮುಂಚೆ ಏನಾಯಿತು, ಆ ಮೌನಕ್ಕೆ ಅವರು ಏನೇನು ಕೊಟ್ಟರು, ಎರಡನ್ನೂ ನೀನು ಬಿಟ್ಟುಬಿಟ್ಟೆ.

1939ರಿಂದ ಶುರು ಮಾಡುತ್ತೇನೆ. ಆಗ ಫಿನ್‌ಲ್ಯಾಂಡ್ ಸ್ವತಂತ್ರವಾಗಿ ಇಪ್ಪತ್ತೆರಡು ವರ್ಷವೂ ತುಂಬಿರಲಿಲ್ಲ. ಜನಸಂಖ್ಯೆ ಸುಮಾರು 37 ಲಕ್ಷ. ಆ ವರ್ಷ ಆಗಸ್ಟ್ 23ಕ್ಕೆ ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಗುಟ್ಟಿನ ಭಾಗದಲ್ಲಿ ಪೂರ್ವ ಯುರೋಪನ್ನೇ ಹಂಚಿಕೊಂಡಿದ್ದರು. ಫಿನ್‌ಲ್ಯಾಂಡ್ ಸ್ಟಾಲಿನ್ನನ ಪಾಲಿಗೆ ಬಿತ್ತು. ಫಿನ್ನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಅಕ್ಟೋಬರಿನಲ್ಲಿ ಮಾಸ್ಕೋದಿಂದ ಕರೆ ಬಂತು. ಫಿನ್ನರು ಕಳಿಸಿದ್ದು ಯೂಹೊ ಕುಸ್ತಿ ಪಾಸಿಕಿವಿ ಅನ್ನುವ ಹಿರಿಯರನ್ನು. ವಯಸ್ಸು 68. ರಷ್ಯನ್ ಭಾಷೆ ಬಲ್ಲವರು, ಆ ದೇಶದ ಇತಿಹಾಸ ಓದಿದವರು. 1920ರಲ್ಲಿ ರಷ್ಯದ ಜೊತೆ ಗಡಿ ಗೊತ್ತುಮಾಡಿದ ತಾರ್ತು ಒಪ್ಪಂದದ ಮಾತುಕತೆ ನಡೆಸಿದವರೂ ಅವರೇ. ಸ್ಟಾಲಿನ್ನನ ಬೇಡಿಕೆ ಹೀಗಿತ್ತು: ನಮ್ಮ ಲೆನಿನ್‌ಗ್ರಾಡ್ (ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್) ನಗರದಿಂದ ನಿಮ್ಮ ಗಡಿ ಬರೀ 32 ಕಿಲೋಮೀಟರ್ ದೂರದಲ್ಲಿದೆ, ಅದನ್ನು ಹಿಂದಕ್ಕೆ ಸರಿಸಿ. ಕೆಲವು ದ್ವೀಪ ಕೊಡಿ. ಹಾಂಕೊ ಬಂದರನ್ನು ನೌಕಾನೆಲೆಗೆ ಗುತ್ತಿಗೆ ಕೊಡಿ. ಬದಲಿಗೆ ಉತ್ತರದಲ್ಲಿ ಎರಡರಷ್ಟು ಜಾಗ ಕೊಡುತ್ತೇವೆ. ಆ ಜಾಗವೆಲ್ಲ ಕಾಡು.

ಇಲ್ಲಿ ನನಗೆ ತುಂಬ ಕಾಡುವ ಸಂಗತಿ ಒಂದಿದೆ. ಸ್ವಲ್ಪ ಕೊಟ್ಟು ಮಾತು ಮುಗಿಸೋಣ ಅಂತ ಹೇಳಿದವರು ಪಾಸಿಕಿವಿಯೇ. ಸೇನಾ ನಾಯಕ ಮಾನರ್‌ಹೈಮ್ ಕೂಡ ಅದನ್ನೇ ಹೇಳಿದರು. ನಮ್ಮ ಹತ್ತಿರ ಸಾಕಷ್ಟು ಮದ್ದುಗುಂಡು ಇಲ್ಲ ಅಂತ ಅವರಿಗೆ ಗೊತ್ತಿತ್ತು. ರಾಜಧಾನಿ ಹೆಲ್ಸಿಂಕಿಯ ಸರ್ಕಾರ ಒಪ್ಪಲಿಲ್ಲ. ಇವತ್ತು ಗಡಿ ಸರಿಸಿದರೆ ನಾಳೆ ಏನು ಕೇಳುತ್ತಾರೋ ಅನ್ನುವ ಭಯ. ಯಾರು ಸರಿ ಅಂತ ಇವತ್ತಿಗೂ ವಾದ ಇದೆ. ನಾನಂತೂ ಹೆಲ್ಸಿಂಕಿಯ ಭಯ ಸರಿಯಾಗಿತ್ತು ಅಂತ ನಂಬುತ್ತೇನೆ. ಕಾರಣ ಪಕ್ಕದಲ್ಲೇ ಇದೆ, ಗೆಳೆಯಾ. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರಕ್ಕೂ ಅದೇ ದಿನಗಳಲ್ಲಿ ಮಾಸ್ಕೋದಿಂದ ಕರೆ ಬಂದಿತ್ತು. ಸೋವಿಯತ್ ಸೇನೆಗೆ ನೆಲೆ ಕೊಡಿ ಅಂದರು. ಮೂವರೂ ಹೂಂ ಅಂದರು. ನೀನು ಹೇಳುವ ಹಾಗೆ ತೆಪ್ಪಗಿದ್ದವರು ಅವರು. 1940ರ ಆಗಸ್ಟ್ ಹೊತ್ತಿಗೆ ಮೂರೂ ದೇಶ ಸೋವಿಯತ್ ಒಕ್ಕೂಟದೊಳಗೆ ಸೇರಿಹೋಗಿದ್ದವು.

ಫಿನ್‌ಲ್ಯಾಂಡಿನ ಮೇಲೆ ನವೆಂಬರ್ 30ಕ್ಕೆ ಬಾಂಬ್ ಬಿತ್ತು. 105 ದಿನ ಯುದ್ಧ ನಡೆಯಿತು. ಎಲ್ಲರೂ ಹೊಗಳಿದರು, ರಾಷ್ಟ್ರಗಳ ಒಕ್ಕೂಟ ಅಂದರೆ ಲೀಗ್ ಆಫ್ ನೇಷನ್ಸ್ ಸೋವಿಯತ್ ಒಕ್ಕೂಟವನ್ನು ಹೊರಹಾಕಿತು. ಸ್ವೀಡನ್ನಿನಿಂದ ಸ್ವಯಂಸೇವಕರು ಬಂದರು. ಆದರೆ ಯಾವ ದೇಶದ ಸೈನ್ಯವೂ ಬರಲಿಲ್ಲ. 1940ರ ಮಾರ್ಚ್ 13ಕ್ಕೆ ಕದನ ನಿಂತಾಗ ಸುಮಾರು 25 ಸಾವಿರ ಫಿನ್ನಿಷ್ ಸೈನಿಕರು ಸತ್ತಿದ್ದರು. ದೇಶದ ಹತ್ತನೇ ಒಂದು ಭಾಗ ಹೋಯಿತು. ಹಾಗೆ ಹೋದ ಪೂರ್ವದ ಸೀಮೆ ಕರೇಲಿಯಾದ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟು ಪಶ್ಚಿಮಕ್ಕೆ ಬಂದರು. ಸೋವಿಯತ್ ಆಳ್ವಿಕೆಯಲ್ಲಿ ಇರಲು ಅಲ್ಲಿ ಹೆಚ್ಚುಕಡಿಮೆ ಯಾರೂ ನಿಲ್ಲಲಿಲ್ಲ. ಆದರೆ ದೇಶ ಉಳಿಯಿತು. ಇವರನ್ನು ನುಂಗುವುದು ಸುಲಭವಲ್ಲ ಅಂತ ಸ್ಟಾಲಿನ್‌ಗೂ ಗೊತ್ತಾಯಿತು. ಮುಂದೆ ಇವರು ತೆಪ್ಪಗಿದ್ದಾಗ ಆ ಮೌನಕ್ಕೆ ತೂಕ ಬಂದದ್ದು ಈ 105 ದಿನಗಳಿಂದ ಅಂತ ನನ್ನ ನಂಬಿಕೆ.

ಆಮೇಲಿನ ಭಾಗ ಅಷ್ಟು ಚೆನ್ನಾಗಿಲ್ಲ. ಅದನ್ನೂ ಹೇಳಲೇಬೇಕು. 1941ರಲ್ಲಿ ಫಿನ್ನರು ಹಿಟ್ಲರ್‌ನ ಸೇನೆಯ ಜೊತೆ ಸೇರಿ ಮತ್ತೆ ಯುದ್ಧಕ್ಕಿಳಿದರು. ಕಳೆದುಕೊಂಡ ನೆಲ ವಾಪಸ್ ಬೇಕಿತ್ತು. ಆದರೆ ಹಳೆಯ ಗಡಿಯನ್ನೂ ದಾಟಿ ಹೋದರು. ಲೆನಿನ್‌ಗ್ರಾಡಿನ ಜನ ಹಸಿವಿನಿಂದ ಸಾಯುತ್ತಿದ್ದಾಗ ಆ ಊರಿನ ಉತ್ತರಕ್ಕೆ ನಿಂತಿದ್ದದ್ದು ಫಿನ್ನಿಷ್ ಸೇನೆ. ಚಿಕ್ಕ ದೇಶ ಅಂತ ನಾನು ಇದನ್ನು ಮುಚ್ಚಿಡುವುದಿಲ್ಲ.

ಆ ಯುದ್ಧದಿಂದ ಅವರು ಹೊರಬಂದ ರೀತಿ ಕೇಳು. 1944ರ ಜೂನ್. ಸೋವಿಯತ್ ಸೇನೆ ಜೋರಾಗಿ ನುಗ್ಗಿತು, ವೀಪುರಿ ಪಟ್ಟಣ ಬಿತ್ತು. ಶಸ್ತ್ರಗಳು ಬೇಕು, ಅವು ಜರ್ಮನಿಯ ಹತ್ತಿರ ಮಾತ್ರ ಇವೆ. ಜರ್ಮನಿಯ ವಿದೇಶಾಂಗ ಸಚಿವ ರಿಬೆನ್‌ಟ್ರಾಪ್ ಹೆಲ್ಸಿಂಕಿಗೇ ಬಂದು ಕೂತ. ನೀವು ಒಬ್ಬರೇ ಹೋಗಿ ರಷ್ಯದ ಜೊತೆ ಸಂಧಿ ಮಾಡಿಕೊಳ್ಳುವುದಿಲ್ಲ ಅಂತ ಬರೆದುಕೊಡಿ, ಆಗ ಶಸ್ತ್ರ ಕೊಡುತ್ತೇವೆ ಅಂದ. ಅಧ್ಯಕ್ಷ ರಿಸ್ತೊ ರಿಟಿ ಜೂನ್ 26ಕ್ಕೆ ಪತ್ರ ಬರೆದುಕೊಟ್ಟರು. ಆದರೆ ಸಂಸತ್ತಿನ ಮುಂದೆ ಇಡದೆ, ತಮ್ಮ ಸ್ವಂತ ಹೆಸರಿನಲ್ಲಿ ಬರೆದರು. ನಾನಾಗಲಿ, ನಾನು ನೇಮಿಸಿದ ಸರ್ಕಾರವಾಗಲಿ ಹಾಗೆ ಮಾಡುವುದಿಲ್ಲ ಅಂತ. ಶಸ್ತ್ರ ಬಂತು, ಸೋವಿಯತ್ ಸೇನೆಯನ್ನು ತಡೆದು ನಿಲ್ಲಿಸಿದರು. ಆಗಸ್ಟ್ 1ಕ್ಕೆ ರಿಟಿ ರಾಜೀನಾಮೆ ಕೊಟ್ಟರು. ಹೊಸ ಅಧ್ಯಕ್ಷರಾದ ಮಾನರ್‌ಹೈಮ್, ಆ ಮಾತು ರಿಟಿಯದ್ದು, ನನ್ನದಲ್ಲ ಅಂದರು. ಸೆಪ್ಟೆಂಬರ್ 19ಕ್ಕೆ ಮಾಸ್ಕೋದಲ್ಲಿ ಯುದ್ಧವಿರಾಮಕ್ಕೆ ಸಹಿ ಬಿತ್ತು.

ರಿಟಿಗೆ ಏನಾಯಿತು ಗೊತ್ತಾ? ಯುದ್ಧಕ್ಕೆ ಕಾರಣರಾದವರನ್ನು ಶಿಕ್ಷಿಸಿ ಅಂತ ಗೆದ್ದವರು ಒತ್ತಾಯ ಮಾಡಿದರು. ಅದಕ್ಕಾಗಿ ಹೊಸದೊಂದು ಕಾನೂನು ಮಾಡಿ, ಹಿಂದೆ ಮಾಡಿದ ಕೆಲಸಕ್ಕೆ ಅದನ್ನು ಹಚ್ಚಿದರು. 1946ರಲ್ಲಿ ರಿಟಿಗೆ ಹತ್ತು ವರ್ಷ ಜೈಲು. ಆ ಕಾನೂನು ಬಂದಾಗ ಪ್ರಧಾನಿಯಾಗಿದ್ದವರು ನಮ್ಮ ಪಾಸಿಕಿವಿಯೇ. ಅಧ್ಯಕ್ಷರಾದ ಮೇಲೆ 1949ರಲ್ಲಿ ಕ್ಷಮೆ ಕೊಟ್ಟು ರಿಟಿಯನ್ನು ಹೊರಗೆ ಬಿಟ್ಟವರೂ ಅವರೇ. ತನ್ನ ಹೆಸರು ಸುಟ್ಟುಹೋಗಲಿ, ದೇಶ ಬದುಕಲಿ ಅಂತ ಒಬ್ಬ ಮನುಷ್ಯ ಸಹಿ ಹಾಕಿದ. ಆ ದೇಶವೇ ಅವನನ್ನು ಜೈಲಿಗೆ ಹಾಕಬೇಕಾಯಿತು. ಇದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈಗ ನೀನು ಹೇಳುವ ಮೌನದ ಕಾಲಕ್ಕೆ ಬರುತ್ತೇನೆ. ಯುದ್ಧ ಪರಿಹಾರ ಅಂತ 30 ಕೋಟಿ ಡಾಲರ್ ಬೆಲೆಯ ಸಾಮಾನು ಕೊಡಬೇಕಿತ್ತು. ಹಡಗು, ಯಂತ್ರ, ಕೇಬಲ್ಲು. ಆಮೇಲೆ ಸ್ವಲ್ಪ ಕಡಿಮೆ ಮಾಡಿದರು. 1952ರ ಸೆಪ್ಟೆಂಬರಿನಲ್ಲಿ ಕೊನೆಯ ರೈಲು ಗಡಿ ದಾಟಿತು. ಪೂರ್ತಿ ತೀರಿಸಿದರು.

ಅದಕ್ಕಿಂತ ದೊಡ್ಡ ನೋವು ಪೊರ್ಕಲಾ. ಹೆಲ್ಸಿಂಕಿಯ ಪಕ್ಕದಲ್ಲೇ ಇರುವ ಕಡಲ ತೀರ ಅದು. 50 ವರ್ಷದ ಗುತ್ತಿಗೆಗೆ ಸೋವಿಯತ್ ನೆಲೆಯಾಯಿತು. ಏಳು ಸಾವಿರಕ್ಕೂ ಜಾಸ್ತಿ ಜನ ಹತ್ತು ದಿನಗಳಲ್ಲಿ ಮನೆ ಖಾಲಿ ಮಾಡಬೇಕಾಯಿತು. ಹೆಲ್ಸಿಂಕಿಯಿಂದ ತುರ್ಕುಗೆ ಹೋಗುವ ರೈಲು ಹಾದುಹೋಗುವುದು ಆ ಜಾಗದಲ್ಲೇ. 1947ರಿಂದ ರೈಲು ಬಿಟ್ಟರು, ಆದರೆ ಗಡಿಗೆ ಬಂದಾಗ ಕಿಟಕಿಗಳಿಗೆಲ್ಲ ಹೊರಗಿನಿಂದ ಹಲಗೆ ಮುಚ್ಚುತ್ತಿದ್ದರು. ಸೋವಿಯತ್ ಎಂಜಿನ್ ಬಂದು ಎಳೆಯುತ್ತಿತ್ತು. ಒಳಗಿನವರು ತಮ್ಮದೇ ದೇಶದಲ್ಲಿ ಹೊರಗೇನಿದೆ ಅಂತ ನೋಡದೆ ಕೂರಬೇಕು. ಜಗತ್ತಿನ ಅತಿ ಉದ್ದದ ಸುರಂಗ ಅಂತ ಜನ ಅದಕ್ಕೆ ಹೆಸರಿಟ್ಟಿದ್ದರು.

1948ರ ಫೆಬ್ರವರಿಯಲ್ಲಿ ಸ್ಟಾಲಿನ್‌ನಿಂದ ಪತ್ರ ಬಂತು: ಹಂಗೇರಿ, ರುಮೇನಿಯಾ ಮಾಡಿಕೊಂಡ ಹಾಗೆ ನೀವೂ ನಮ್ಮ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಳ್ಳಿ. ಅದೇ ತಿಂಗಳು ಜೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ದರು. ಹೆಲ್ಸಿಂಕಿಯಲ್ಲಿ ಎಂಥ ಭಯ ಇದ್ದಿರಬೇಕು ಯೋಚಿಸು. ಪಾಸಿಕಿವಿ ಇಲ್ಲ ಅನ್ನಲಿಲ್ಲ. ಅವಸರದಲ್ಲಿ ಹೂಂ ಅನ್ನಲೂ ಇಲ್ಲ. ಫಿನ್‌ಲ್ಯಾಂಡಿನ ಮೂಲಕ ತಮ್ಮ ಮೇಲೆ ಯಾರಾದರೂ ದಾಳಿ ಮಾಡುತ್ತಾರೆ ಅನ್ನುವ ಭಯವೇ ರಷ್ಯದ ಮುಖ್ಯ ಚಿಂತೆ ಅಂತ ಅವರು ತಿಳಿದಿದ್ದರು. ಆ ಭಯಕ್ಕೆ ಉತ್ತರ ಕೊಡೋಣ, ಬೇರೆ ಏನನ್ನೂ ಕೊಡುವುದು ಬೇಡ ಅಂದರು. ಮಾಸ್ಕೋಗೆ ಹೋದ ನಿಯೋಗ ತನ್ನದೇ ಕರಡು ಇಟ್ಟಿತು. ಅದನ್ನೇ ಇಟ್ಟುಕೊಂಡು ಮಾತು ನಡೆಯಿತು. ಏಪ್ರಿಲ್ 6ಕ್ಕೆ ಸಹಿಯಾದ ಒಪ್ಪಂದ ಹೇಳುವುದು ಇಷ್ಟು: ಜರ್ಮನಿ ಅಥವಾ ಅದರ ಜೊತೆಗಾರರು ನಮ್ಮ ನೆಲದ ಮೂಲಕ ಬಂದರೆ ನಾವೇ ಹೋರಾಡುತ್ತೇವೆ, ನಮ್ಮ ಗಡಿಯೊಳಗೆ. ನಿಮ್ಮ ಸಹಾಯ ಬೇಕಾದರೆ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸೋಣ. ದೊಡ್ಡವರ ಜಗಳದಿಂದ ದೂರ ಇರುವ ಫಿನ್‌ಲ್ಯಾಂಡಿನ ಆಸೆಯೂ ಅದರಲ್ಲಿ ಬರಹದಲ್ಲಿ ಸೇರಿತು. ಹಂಗೇರಿಯ ಒಪ್ಪಂದಕ್ಕೂ ಇದಕ್ಕೂ ಇದ್ದ ವ್ಯತ್ಯಾಸ ಈ ಕೆಲವೇ ವಾಕ್ಯಗಳು. ಆ ವಾಕ್ಯಗಳ ಮೇಲೆ ಒಂದು ದೇಶ ನಲವತ್ತಕ್ಕೂ ಹೆಚ್ಚು ವರ್ಷ ನಿಂತಿತು. 1956ರ ಜನವರಿಯಲ್ಲಿ ಪೊರ್ಕಲಾ ಕೂಡ ವಾಪಸ್ ಬಂತು, ಗುತ್ತಿಗೆ ಮುಗಿಯುವುದಕ್ಕೆ 38 ವರ್ಷ ಮುಂಚೆ.

ಆದರೆ ಬೆಲೆ? 1947ರಲ್ಲಿ ಯುದ್ಧದಲ್ಲಿ ನಲುಗಿದ ಯುರೋಪನ್ನು ಕಟ್ಟಲು ಅಮೆರಿಕ ಕೊಡುತ್ತೇನೆ ಅಂದ ಮಾರ್ಷಲ್ ನೆರವನ್ನು ಬೇಡ ಅಂದರು. ದುಡ್ಡು ಬೇಕೇ ಬೇಕಿದ್ದ ಹೊತ್ತು ಅದು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ನುಗ್ಗಿದಾಗ ವಿಶ್ವಸಂಸ್ಥೆಯಲ್ಲಿ ಫಿನ್‌ಲ್ಯಾಂಡ್ ಮತ ಹಾಕದೆ ಕೂತಿತು. 1958ರಲ್ಲಿ ಮಾಸ್ಕೋಗೆ ಇಷ್ಟವಿಲ್ಲದ ಸರ್ಕಾರ ಬಂದಾಗ ಸೋವಿಯತ್ ರಾಯಭಾರಿ ಊರು ಬಿಟ್ಟು ಹೋದ, ವ್ಯಾಪಾರದ ಮಾತುಕತೆ ನಿಂತಿತು, ಕೆಲವೇ ತಿಂಗಳಲ್ಲಿ ಸರ್ಕಾರ ಬಿತ್ತು. 1961ರ ಅಕ್ಟೋಬರ್ 30ಕ್ಕೆ, ಮಿಲಿಟರಿ ಮಾತುಕತೆಗೆ ಬನ್ನಿ ಅಂತ ಮಾಸ್ಕೋದಿಂದ ಟಿಪ್ಪಣಿ ಬಂತು. ಅಧ್ಯಕ್ಷ ಉರ್ಹೊ ಕೆಕ್ಕೊನೆನ್ ಆಗ ಅಮೆರಿಕ ಪ್ರವಾಸದಲ್ಲಿ, ಹವಾಯಿಯಲ್ಲಿದ್ದರು. ಆಮೇಲೆ ಸೈಬೀರಿಯಾದ ನೊವೊಸಿಬಿರ್ಸ್ಕ್‌ಗೆ ಹೋಗಿ ಸೋವಿಯತ್ ನಾಯಕ ಕ್ರುಶ್ಚೇವ್ ಜೊತೆ ಮಾತಾಡಿ ತಣ್ಣಗೆ ಮಾಡಿದರು. ಅಷ್ಟರಲ್ಲಿ ಚುನಾವಣೆಯಲ್ಲಿ ಅವರ ಎದುರು ನಿಂತಿದ್ದ ಹೊಂಕಾ ಹಿಂದೆ ಸರಿದಾಗಿತ್ತು.

ಕೆಕ್ಕೊನೆನ್ ಬಗ್ಗೆ ನನ್ನ ಮನಸ್ಸು ಇನ್ನೂ ಎರಡು ಕಡೆ ಇದೆ. 1973ರಲ್ಲಿ ಮಾಸ್ಕೋವನ್ನು ಒಪ್ಪಿಸಿ ಪಶ್ಚಿಮದ ಯುರೋಪಿನ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡದ್ದು ಅವರ ಕಾಲದಲ್ಲೇ. 1975ರ ಆಗಸ್ಟ್ 1ಕ್ಕೆ ಯುರೋಪಿನ ಭದ್ರತೆ, ಸಹಕಾರದ ಒಪ್ಪಂದಕ್ಕೆ 35 ದೇಶಗಳ ನಾಯಕರು ಹೆಲ್ಸಿಂಕಿಯಲ್ಲಿ ಕೂತು ಸಹಿ ಹಾಕಿದ್ದೂ ಅವರ ಕಾಲದಲ್ಲೇ. ಆದರೆ ಅದೇ 1973ರಲ್ಲಿ ಚುನಾವಣೆಯೇ ಇಲ್ಲದೆ, ವಿಶೇಷ ಕಾನೂನು ಮಾಡಿ ಅವರ ಅಧಿಕಾರವನ್ನು ನಾಲ್ಕು ವರ್ಷ ಮುಂದುವರಿಸಿದರು. ಒಟ್ಟು 25 ವರ್ಷಕ್ಕೂ ಜಾಸ್ತಿ ಒಬ್ಬರೇ ಅಧ್ಯಕ್ಷರು. ಪತ್ರಿಕೆಗಳು ತಾವಾಗಿಯೇ ಬಾಯಿ ಕಟ್ಟಿಕೊಂಡವು. ಸೋವಿಯತ್ ಶ್ರಮಶಿಬಿರಗಳ ಬಗ್ಗೆ ರಷ್ಯನ್ ಲೇಖಕ ಸೊಲ್ಜೆನಿತ್ಸಿನ್ ಬರೆದದ್ದು ಫಿನ್ನಿಷ್ ಭಾಷೆಯಲ್ಲಿ ಮೊದಲು ಅಚ್ಚಾದದ್ದು ಸ್ವೀಡನ್ನಿನಲ್ಲಿ. ಗಡಿ ದಾಟಿ ಓಡಿಬಂದ ಸೋವಿಯತ್ ಜನರನ್ನು ಹಿಡಿದು ವಾಪಸ್ ಒಪ್ಪಿಸಿದ್ದೂ ಉಂಟು. ತೆಪ್ಪಗಿರುವುದು ಅಂದರೆ ಇದು ಕೂಡ. ಆ ಓಡಿಬಂದವರ ಮುಖ ಯೋಚಿಸದೆ ಆ ಪದ ಬಳಸಬೇಡ ಅಂತ ನಿನ್ನನ್ನು ಕೇಳಿಕೊಳ್ಳುತ್ತೇನೆ.

ಇಷ್ಟರ ನಡುವೆಯೂ ಅವರು ಸಂಸತ್ತು ಬಿಡಲಿಲ್ಲ, ಕೋರ್ಟು ಬಿಡಲಿಲ್ಲ, ಗಂಡುಮಕ್ಕಳಿಗೆ ಕಡ್ಡಾಯ ಸೇನಾ ತರಬೇತಿ ಬಿಡಲಿಲ್ಲ. ನಗುತ್ತಾ ಕೈಕುಲುಕಿದರು, ಜೊತೆಗೆ ಸೇನೆಯನ್ನೂ ಸಿದ್ಧ ಇಟ್ಟುಕೊಂಡರು.

ಇನ್ನು ಉಕ್ರೇನ್. ಯಾವ ಮಿಲಿಟರಿ ಕೂಟಕ್ಕೂ ಸೇರುವುದಿಲ್ಲ ಅಂತ ಅವರು 2010ರಲ್ಲೇ ಕಾನೂನು ಮಾಡಿದ್ದರು. ರಷ್ಯ ಅವರ ಕ್ರಿಮಿಯಾ ಪರ್ಯಾಯದ್ವೀಪವನ್ನು ತೆಗೆದುಕೊಂಡದ್ದು 2014ರ ಮಾರ್ಚಿನಲ್ಲಿ, ಆ ಕಾನೂನು ಇನ್ನೂ ಜಾರಿಯಲ್ಲಿದ್ದಾಗ. ಅದನ್ನು ಕೈಬಿಟ್ಟದ್ದು ಆ ವರ್ಷದ ಡಿಸೆಂಬರಿನಲ್ಲಿ. ನೀನು ಹೇಳಿದ ಮದ್ದನ್ನು ಅವರು ಕುಡಿದು ನೋಡಿದ್ದರು, ಮಾರಾಯ.

ಫಿನ್ನರು ಅದನ್ನೆಲ್ಲ ನೋಡುತ್ತಿದ್ದರು. 2022ರ ಫೆಬ್ರವರಿ 24ಕ್ಕೆ ರಷ್ಯ ಉಕ್ರೇನ್ ಮೇಲೆ ದಾಳಿ ಮಾಡಿದ ಮೇಲೆ ಅವರ ಮನಸ್ಸು ಬೇಗ ಬದಲಾಯಿತು. ಮೇ ತಿಂಗಳಲ್ಲಿ ಸಂಸತ್ತಿನಲ್ಲಿ, ಅಮೆರಿಕ ಮತ್ತು ಯುರೋಪಿನ ದೇಶಗಳ ಮಿಲಿಟರಿ ಕೂಟವಾದ ನ್ಯಾಟೋ ಸೇರುವ ಪರವಾಗಿ 188 ಮತ, ವಿರುದ್ಧ ಬರೀ 8. 2023ರ ಏಪ್ರಿಲ್ 4ಕ್ಕೆ ಸದಸ್ಯರಾದರು. 1948ರ ಆ ಸಹಿಗೆ 75 ವರ್ಷ ತುಂಬಲು ಎರಡು ದಿನ ಬಾಕಿ ಇತ್ತು.

ಸಂಸತ್ತಿನ ಮತಕ್ಕೂ ಮುಂಚೆ, ಮೇ 14ಕ್ಕೆ, ಅಧ್ಯಕ್ಷ ಸೌಲಿ ನೀನಿಸ್ತೊ ಒಂದು ಕೆಲಸ ಮಾಡಿದರು. ತಾವೇ ಪುಟಿನ್‌ಗೆ ಫೋನ್ ಮಾಡಿ, ನಾವು ನ್ಯಾಟೋಗೆ ಅರ್ಜಿ ಹಾಕುತ್ತೇವೆ ಅಂತ ನೇರವಾಗಿ ಹೇಳಿದರು. ಬೇರೆಯವರಿಂದ ಗೊತ್ತಾಗಲಿ ಅಂತ ಬಿಡಲಿಲ್ಲ. 1340 ಕಿಲೋಮೀಟರ್ ಗಡಿ ಅದು, ಎಲ್ಲಿಗೂ ಹೋಗುವುದಿಲ್ಲ. ಆ ಫೋನ್ ಕರೆಯಲ್ಲಿ ನನಗೆ ಹಳೆಯ ಪಾಸಿಕಿವಿ ಕಂಡರು.

ನಿನ್ನ ಉತ್ತರ ಬರಲಿ. ನಾನು ಹೇಳಿದ್ದರಲ್ಲಿ ಎಲ್ಲಿ ಒಪ್ಪುವುದಿಲ್ಲ ಅಂತ ಬಿಡಿಸಿ ಬರೆ. ಮುಖ್ಯವಾಗಿ ರಿಟಿಯ ಬಗ್ಗೆ. ನೀನು ಪಾಸಿಕಿವಿಯ ಜಾಗದಲ್ಲಿ ಇದ್ದಿದ್ದರೆ ಆ ಕಾನೂನಿಗೆ ಒಪ್ಪುತ್ತಿದ್ದೆಯಾ? ನಾನು ಎಷ್ಟು ಯೋಚಿಸಿದರೂ ನನಗೆ ಉತ್ತರ ಸಿಕ್ಕಿಲ್ಲ.

ಪ್ರೀತಿಯಿಂದ,
ನಿನ್ನ ಗೆಳೆಯ